ಯಾವ ದೇಶದ್ದು ಅಂತ ಕಾರಿನ ಮೇಲೂ ಬರೆಯಲಿ

ತೀರ್ಥಹಳ್ಳಿ ಹತ್ತಿರ ಇರುವ ನಮ್ಮ ಭಾವ ಈ ಸಲ ಅಡಿಕೆ ಕೊಟ್ಟ ದುಡ್ಡಿನಲ್ಲಿ ಎಲೆಕ್ಟ್ರಿಕ್ ಕಾರು ತಗೊಳ್ಳುವ ಯೋಚನೆಯಲ್ಲಿದ್ದಾರೆ. ಶಿವಮೊಗ್ಗಕ್ಕೆ ಬಂದು ಒಂದೆರಡು ಶೋರೂಮ್ ನೋಡಿದ್ದೂ ಆಯಿತು. ಮನಸ್ಸಿಗೆ ಹಿಡಿಸಿದ ಕಾರು ಚೀನಾ ಮೂಲದ್ದು ಅಂತ ಗೊತ್ತಾದಾಗಿನಿಂದ ಮನೆಯಲ್ಲಿ ಚರ್ಚೆ ನಿಂತಿಲ್ಲ. ದೊಡ್ಡಪ್ಪ, "ಗಡಿಯಲ್ಲಿ ನಮ್ಮ ಹುಡುಗರನ್ನ ಕೊಂದವರ ಕಾರು ನಮ್ಮ ಅಂಗಳಕ್ಕೆ ಬೇಡ" ಅಂತಾರೆ. ಅಕ್ಕನ ಮಗ, "ಅಜ್ಜ, ಒಂದ್ಸಲ ಕೂತು ನೋಡಿ, ಆಮೇಲೆ ಹೇಳಿ" ಅಂತಾನೆ. ಭಾವ ನನಗೆ ಫೋನ್ ಮಾಡಿ "ನೀ ಎಂತ ಹೇಳ್ತೀ ಮಾರಾಯ" ಅಂದರು. ಫೋನಿನಲ್ಲಿ ಮುಗಿಯುವ ಮಾತಲ್ಲ ಇದು. ಇದೇ ಪ್ರಶ್ನೆ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ತುಂಬಾ ಜನ ಇದ್ದಾರೆ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ದೊಡ್ಡಪ್ಪನ ಮಾತು. ಅದನ್ನು ಹಳೇ ಕಾಲದವರ ಹಟ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಆ ಸಿಟ್ಟಿಗೆ ಕಾರಣ ಇದೆ. ಸರ್ಕಾರ ಕೂಡ ಆಮೇಲೆ ಬಿಗಿಯಾಗಿಯೇ ನಡೆದುಕೊಂಡಿತು. ಗ್ರೇಟ್ ವಾಲ್ ಅನ್ನುವ ಚೀನಾ ಕಂಪನಿ ಪುಣೆ ಹತ್ತಿರದ ತಳೆಗಾಂವ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆ ಕೊಳ್ಳಲು ಹೊರಟಿತ್ತು. ಒಪ್ಪಿಗೆ ಸಿಗದೆ 2022ರಲ್ಲಿ ಕೈಬಿಟ್ಟಿತು. ಚೀನಾದ್ದೇ ಆದ ಬಿವೈಡಿ ಕಂಪನಿ ಹೈದರಾಬಾದಿನ ಒಂದು ಕಂಪನಿ ಜೊತೆ ಸೇರಿ 100 ಕೋಟಿ ಡಾಲರ್ ಹಾಕಿ ಇಲ್ಲೇ ಕಾರು ಮಾಡುತ್ತೇವೆ ಅಂತ ಕೇಳಿತ್ತು. 2023ರಲ್ಲಿ ಅದಕ್ಕೂ ಬೇಡ ಅಂದರು.

ಆದರೆ ಚೀನಾ ಕಾರು ಬೇಡ ಅಂತ ತೀರ್ಮಾನ ಮಾಡಿದವರು ಅದನ್ನು ಗುರುತು ಹಿಡಿಯುವುದು ಹೇಗೆ? ಇಲ್ಲೇ ಜನರಿಗೆ ಮೋಸ ಆಗುತ್ತಿದೆ ಅಂತ ನನಗೆ ಅನ್ನಿಸುವುದು.

ಎಂಜಿ ಕಾರನ್ನೇ ಉದಾಹರಣೆಗೆ ತಗೊಳ್ಳಿ. ಮೋರಿಸ್ ಗ್ಯಾರೇಜಸ್, ನೂರು ವರ್ಷದ ಬ್ರಿಟಿಷ್ ಹೆಸರು. ಆ ಬ್ರಿಟಿಷ್ ಕಂಪನಿ 2005ರಲ್ಲಿ ದಿವಾಳಿಯಾಯಿತು. ಚೀನಾದ ನಾನ್‌ಜಿಂಗ್ ಅನ್ನುವ ಕಂಪನಿ ಕೊಂಡಿತು, ಆಮೇಲೆ ಅದು ಶಾಂಘೈನ ಎಸ್‌ಎಐಸಿ ಜೊತೆ ಸೇರಿಹೋಯಿತು. ಎಸ್‌ಎಐಸಿ ಗುಜರಾತಿನ ಹಾಲೋಲ್‌ನಲ್ಲಿ ಜನರಲ್ ಮೋಟರ್ಸ್‌ನ ಇನ್ನೊಂದು ಕಾರ್ಖಾನೆ ತೆಗೆದುಕೊಂಡು 2019ರಲ್ಲಿ ಹೆಕ್ಟರ್ ಅನ್ನುವ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಕ್ಟರ್ ಚೀನಾದಲ್ಲಿ ಬಾವೊಜುನ್ ಅನ್ನುವ ಹೆಸರಲ್ಲಿ ಮಾರಾಟವಾಗುತ್ತಿದ್ದ ಕಾರು. 2024ರಲ್ಲಿ ಬಂದ ವಿಂಡ್ಸರ್ ಕಾರು ಕೂಡ ಅಲ್ಲಿ ಬಾವೊಜುನ್ ಹೆಸರಲ್ಲೇ ಬಂದದ್ದು. ಈಗ ಆ ಕಂಪನಿಯಲ್ಲಿ ಜೆಎಸ್‌ಡಬ್ಲ್ಯೂ 35% ಪಾಲು ಹೊಂದಿದೆ. ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವವರು. ಹೆಸರು ಬ್ರಿಟನ್ನಿನದು, ವಿನ್ಯಾಸ ಚೀನಾದ್ದು, ಕೆಲಸ ಮಾಡುವವರು ಗುಜರಾತಿನವರು, ಬಂಡವಾಳದಲ್ಲಿ ನಮ್ಮವರೂ ಇದ್ದಾರೆ. ಇದನ್ನು ಚೀನಾ ಕಾರು ಅನ್ನಬೇಕಾ, ಭಾರತದ್ದು ಅನ್ನಬೇಕಾ?

ವೋಲ್ವೋ ಕಾರು ಕಂಡರೆ ಯಾರೂ ಚೀನಾ ಅನ್ನುವುದಿಲ್ಲ. 2010ರಿಂದ ಅದರ ಮಾಲೀಕರು ಚೀನಾದ ಜೀಲಿ. (ಬೆಂಗಳೂರಿಗೆ ಹೋಗುವ ಐರಾವತ ಬಸ್ಸಿನ ವೋಲ್ವೋ ಬೇರೆ ಕಂಪನಿ, ಅದನ್ನು ಇದರ ಜೊತೆ ಸೇರಿಸಬೇಡಿ.)

ಕಾರು ಎಲ್ಲಿ ತಯಾರಾಯಿತು ಅಂತ ತಿಳಿಯುವುದು ಕಷ್ಟವೇನಲ್ಲ. ನಿಮ್ಮ ಆರ್‌ಸಿ ಕಾರ್ಡ್ ತೆಗೆದು ಚಾಸಿಸ್ ನಂಬರ್ ನೋಡಿ. 17 ಅಕ್ಷರ, ಅಂಕಿ ಇರುತ್ತವೆ. ಮೊದಲ ಒಂದೆರಡು ಅಕ್ಷರಗಳೇ ಜಾಗ ಹೇಳುತ್ತವೆ. ಇಂಗ್ಲಿಷಿನ ಎಲ್ ಇದ್ದರೆ ಚೀನಾ, ಜೆ ಇದ್ದರೆ ಜಪಾನ್, ಕೆ ಇದ್ದರೆ ಕೊರಿಯಾ. ಎಂಎ, ಎಂಝೆಡ್ ಅಂತ ಶುರುವಾದರೆ ಭಾರತದಲ್ಲೇ ತಯಾರಾದದ್ದು. ಶೋರೂಮಿನಲ್ಲಿ ನಿಲ್ಲಿಸಿದ ಕಾರಿನಲ್ಲೂ ಇದನ್ನು ನೋಡಬಹುದು, ಕೇಳಿದರೆ ತೋರಿಸುತ್ತಾರೆ. ಆದರೆ ಆ ನಂಬರ್ ಹೇಳುವುದು ಜೋಡಿಸಿದ ಜಾಗ ಮಾತ್ರ. ಒಳಗಿನ ಸಾಮಾನು ಎಲ್ಲಿಂದ ಬಂತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಒಳಗಿನದು ಅಂದರೆ ಮುಖ್ಯವಾಗಿ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದೇ. ನಮ್ಮ ದೇಶದ ಕಂಪನಿಗಳು ಮಾಡುವ ಎಲೆಕ್ಟ್ರಿಕ್ ಕಾರುಗಳಲ್ಲೂ ಬ್ಯಾಟರಿಯ ಸೆಲ್‌ಗಳು (ಕರೆಂಟು ಕೂಡಿಡುವ ಒಳಗಿನ ಚಿಕ್ಕ ಘಟಕಗಳು) ಬಹುಪಾಲು ಚೀನಾದಿಂದಲೇ ಬರುತ್ತಿವೆ. ಅವನ್ನು ಜೋಡಿಸಿ ಪ್ಯಾಕ್ ಇಲ್ಲಿ ಕಟ್ಟುತ್ತಾರೆ, ಸೆಲ್ ಅಲ್ಲಿಯದು. ಮೋಟರಿನೊಳಗಿನ ಆಯಸ್ಕಾಂತದ ಕಥೆಯೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮತ್ತು ಅವುಗಳಿಂದ ಮಾಡಿದ ಆಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಬೇಕು ಅಂತ ಮಾಡಿತು. ಕೆಲವೇ ತಿಂಗಳಲ್ಲಿ ನಮ್ಮ ದೇಶದ ಕಾರು, ಸ್ಕೂಟರ್ ಕಂಪನಿಗಳೆಲ್ಲ ಮಾಲು ಸಿಗದೆ ಒದ್ದಾಡಿದವು. ದೇಶಿ ಬ್ರಾಂಡ್ ತಗೊಂಡೆ, ಚೀನಾಕ್ಕೆ ಒಂದು ರೂಪಾಯಿ ಹೋಗಲಿಲ್ಲ ಅಂತ ನೆಮ್ಮದಿಯಿಂದ ಇರುವ ಹಾಗಿಲ್ಲ.

ಹಾಗಂತ ಪೆಟ್ರೋಲ್ ಕಾರೇ ಸ್ವದೇಶಿ ಅನ್ನೋಕೂ ಆಗಲ್ಲ. ನಾವು ಬಳಸುವ ಕಚ್ಚಾ ತೈಲದಲ್ಲಿ 85%ಕ್ಕೂ ಜಾಸ್ತಿ ಹೊರಗಿನದು. ಭಾವನಿಗೆ ಎಲೆಕ್ಟ್ರಿಕ್ ಮೇಲೆ ಮನಸ್ಸು ಬಂದದ್ದೇ ಇದರಿಂದ. ಶರಾವತಿ ನೀರಿನಲ್ಲಿ ಕರೆಂಟು ಮಾಡುವ ಜಿಲ್ಲೆಯವರು ನಾವು, ಆ ಕರೆಂಟಿನಲ್ಲಿ ಕಾರು ಓಡಿಸೋಣ ಅನ್ನುವುದು ಅವರ ಆಸೆ. ಆ ಆಸೆ ನನಗೂ ಇಷ್ಟ.

ಈಗ ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ ಹೇಳುತ್ತೇನೆ. ಅಡಿಕೆ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನ ಅಡಿಕೆ ಬಂದರೆ ನಾವು ಯಾಕೆ ಕೂಗುತ್ತೇವೆ? ಬರುವುದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಅದನ್ನು ನಮ್ಮ ರಾಶಿ ಅಡಿಕೆ ಜೊತೆ ಬೆರೆಸಿ ನಮ್ಮದೇ ಅಂತ ಮಾರುವಾಗ. ಇದು ಹೊರಗಿನದು ಅಂತ ಚೀಲದ ಮೇಲೆ ಬರೆದು ಮಾರಿದರೆ ಬೇಕಾದವರು ತಗೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಕಾರಿನ ವ್ಯಾಪಾರದಲ್ಲೂ ನಡೆಯುತ್ತಿರುವುದು ಅದೇ ಬೆರಕೆ. ಸೇಲ್ಸ್ ಹುಡುಗರು ಬ್ರಿಟಿಷ್ ಪರಂಪರೆ ಅಂತಾರೆ, ಮೇಡ್ ಇನ್ ಇಂಡಿಯಾ ಅಂತಾರೆ. ಸೆಲ್ ಯಾರದ್ದು ಅಂತ ಕೇಳಿದರೆ "ಸರ್, ಬ್ಯಾಟರಿಗೆ ವಾರಂಟಿ ಇದೆ" ಅಂತ ಉತ್ತರ ಬರುತ್ತದೆ. ನಾನು ಕೇಳಿದ್ದು ವಾರಂಟಿ ಅಲ್ಲ. ಆ ಹುಡುಗರ ತಪ್ಪೂ ಅಲ್ಲ ಅದು, ಅವರಿಗೆ ಹೇಳಿಕೊಟ್ಟದ್ದೇ ಅಷ್ಟು.

ಆನ್‌ಲೈನ್‌ನಲ್ಲಿ ಒಂದು ಟಾರ್ಚ್ ತರಿಸಿದರೂ ಅದು ಯಾವ ದೇಶದ್ದು ಅಂತ ತೋರಿಸಬೇಕು. 2020ರ ಇ-ಕಾಮರ್ಸ್ ನಿಯಮ ಅದನ್ನು ಕಡ್ಡಾಯ ಮಾಡಿದೆ. ಹದಿನೈದು ಲಕ್ಷ ಕೊಟ್ಟು ತರುವ ಕಾರಿನ ಬ್ಯಾಟರಿ ಎಲ್ಲಿಯದು ಅಂತ ಮಾತ್ರ ಶೋರೂಮಿನಲ್ಲಿ ಬಾಯಿಬಿಟ್ಟು ಕೇಳಬೇಕು, ಕೇಳಿದರೂ ಸಿಗುವುದಿಲ್ಲ. ಅಮೆರಿಕದಲ್ಲಿ 1992ರಲ್ಲೇ ಇದಕ್ಕೆ ಕಾನೂನು ಬಂತು. ಅಲ್ಲಿ ಹೊಸ ಕಾರಿಗೆ ಅಂಟಿಸುವ ಚೀಟಿಯಲ್ಲಿ ಅಮೆರಿಕ, ಕೆನಡಾದ ಬಿಡಿಭಾಗ ಎಷ್ಟು ಶೇಕಡಾ, ಎಂಜಿನ್ ಎಲ್ಲಿಯದು, ಗೇರ್‌ಬಾಕ್ಸ್ ಎಲ್ಲಿಯದು, ಕಡೆಗೆ ಜೋಡಿಸಿದ್ದು ಯಾವ ಊರಲ್ಲಿ ಅಂತ ಬರೆದಿರಬೇಕು. ನಮ್ಮಲ್ಲಿ ಯಾಕೆ ಬೇಡ? ಸೆಲ್ ಎಲ್ಲಿಯದು, ಮೋಟರ್ ಎಲ್ಲಿಯದು, ಸಾಫ್ಟ್‌ವೇರ್ ಯಾರದ್ದು, ಜೋಡಿಸಿದ್ದೆಲ್ಲಿ. ನಾಲ್ಕು ಸಾಲು ಸಾಕು. ಟಾಟಾ, ಮಹೀಂದ್ರ, ಎಂಜಿ, ಬಿವೈಡಿ ಎಲ್ಲರಿಗೂ ಒಂದೇ ನಿಯಮ ಇರಲಿ. ದೊಡ್ಡಪ್ಪ ಚೀನಾದ್ದು ಬೇಡ ಅನ್ನುವುದಾದರೆ ಅದನ್ನು ಓದಿಕೊಂಡು ಬೇಡ ಅನ್ನಲಿ. ಅದು ಅವರ ಹಕ್ಕು.

ಸಾಫ್ಟ್‌ವೇರನ್ನು ಸುಮ್ನೆ ಸೇರಿಸಿದ್ದಲ್ಲ. ಈಗಿನ ಕಾರಿನಲ್ಲಿ ಸಿಮ್ ಇದೆ, ನಾಲ್ಕು ಕಡೆ ಕ್ಯಾಮೆರಾ ಇದೆ, ಎಲ್ಲಿಗೆ ಹೋಗಿದ್ದಿರಿ ಅನ್ನುವುದು ದಾಖಲಾಗುತ್ತದೆ. ಇದೇ ಕಾರಣ ಕೊಟ್ಟು ಅಮೆರಿಕ 2025ರ ಜನವರಿಯಲ್ಲಿ ಇಂಟರ್ನೆಟ್ ಸಂಪರ್ಕ ಇರುವ (ಕನೆಕ್ಟೆಡ್) ಕಾರುಗಳಲ್ಲಿ ಚೀನಾದ ಸಾಫ್ಟ್‌ವೇರ್‌ಗೆ ನಿಷೇಧ ತಂದಿತು, ಅದು 2027ರ ಮಾಡೆಲ್‌ಗಳಿಂದ ಜಾರಿ.

ಗುಣಮಟ್ಟದ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಚೀನಾ ಮಾಲು ಅಂದರೆ ಬಾಳಿಕೆ ಬರದ ಮಾಲು ಅಂತಲೇ ಲೆಕ್ಕ. ಆ ಲೆಕ್ಕ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತೋಟಕ್ಕೆ ಅಂತ ಕಡಿಮೆ ಬೆಲೆಯ ಚೀನಾ ವೀಡ್ ಕಟರ್ ತಂದಿದ್ದೆವು. ಕೆಲಸ ಚೆನ್ನಾಗಿಯೇ ಮಾಡಿತು. ಎರಡನೇ ಮಳೆಗಾಲಕ್ಕೆ ಕಾರ್ಬುರೇಟರ್ ಕೆಟ್ಟಿತು. ಅಂಗಡಿಯವರು, "ಆ ಕಂಪನಿ ಮಾಲು ಈಗ ಬರ್ತಾ ಇಲ್ಲ, ಬೇರೆದು ಕೂರಲ್ಲ" ಅಂದರು. ಎಂಜಿನ್ ಗಟ್ಟಿ ಇತ್ತು, ಬ್ಲೇಡ್ ಸರಿ ಇತ್ತು, ಅಂಗೈಯಷ್ಟಿರುವ ಒಂದು ಭಾಗ ಸಿಗದೆ ಇಡೀ ಮೆಷಿನ್ ಕೊಟ್ಟಿಗೆಯ ಮೂಲೆ ಸೇರಿತು. ಮೆಷಿನ್ ಕೆಟ್ಟದ್ದಾಗಿತ್ತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಅದರ ಹಿಂದೆ ನಿಲ್ಲುವವರು ಯಾರೂ ಇರಲಿಲ್ಲ.

ಕಾರಿನ ವಿಷಯದಲ್ಲಿ ಚೀನಾದವರು ತುಂಬಾ ಮುಂದೆ ಹೋಗಿದ್ದಾರೆ, ಇದನ್ನು ಒಪ್ಪಲೇಬೇಕು. 2005ರಲ್ಲಿ ಜರ್ಮನಿಯಲ್ಲಿ ಲ್ಯಾಂಡ್‌ವಿಂಡ್ ಅನ್ನುವ ಚೀನಾ ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿದಾಗ ಅದರ ಕ್ಯಾಬಿನ್ನೇ ನಜ್ಜುಗುಜ್ಜಾಗಿತ್ತು. 2022ರಲ್ಲಿ ಬಿವೈಡಿ ಅಟ್ಟೊ 3 ಯುರೋಪಿನ ಎನ್‌ಕ್ಯಾಪ್ ಅನ್ನುವ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡಿತು. 2023ರಲ್ಲಿ ಕಾರು ರಫ್ತಿನಲ್ಲಿ ಚೀನಾ ಜಪಾನನ್ನು ಹಿಂದೆ ಹಾಕಿತು. ಬಿವೈಡಿ ಶುರುವಾದದ್ದು 1995ರಲ್ಲಿ, ಬರೀ ಬ್ಯಾಟರಿ ಮಾಡುವ ಕಂಪನಿಯಾಗಿ. ಹಾಗಾಗಿ ಅವರ ಬ್ಯಾಟರಿ ಬಗ್ಗೆ ನನಗೆ ಹೆದರಿಕೆ ಇಲ್ಲ. ನನ್ನ ಚಿಂತೆ ವೀಡ್ ಕಟರಿನದ್ದೇ. ಎರಡು ದೇಶಗಳ ನಡುವೆ ನಾಳೆ ಮತ್ತೆ ಏನಾದರೂ ಆದರೆ ಬಂಪರು, ಹೆಡ್‌ಲೈಟು, ಕಂಟ್ರೋಲ್ ಬೋರ್ಡು ಬರುತ್ತಾ?

ಕಂಪನಿ ಕೈಕೊಡುವುದು ಚೀನಾದವರ ಗುಣ ಮಾತ್ರ ಅಲ್ಲ, ಬಿಡಿ. ಶೆವ್ರೊಲೆ 2017ಕ್ಕೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುತ್ತೇವೆ ಅಂತ ಹೇಳಿತು. ಎರಡೂ ಅಮೆರಿಕದ ದೊಡ್ಡ ಹೆಸರು. ಅವನ್ನು ನಂಬಿ ತಗೊಂಡವರು ಶಿವಮೊಗ್ಗದಲ್ಲೂ ಇದ್ದಾರೆ.

ಮಲೆನಾಡಿನಲ್ಲಿ ಈ ಪ್ರಶ್ನೆ ಬೆಂಗಳೂರಿಗಿಂತ ದೊಡ್ಡದು. ಅಲ್ಲಿ ಕಾರು ಕೆಟ್ಟರೆ ಆಟೋ ಹತ್ತಿ ಆಫೀಸಿಗೆ ಹೋಗಬಹುದು. ಇಲ್ಲಿ ಟಾರು ರಸ್ತೆಗೆ ಬರಬೇಕಾದರೇ ಮಣ್ಣಿನ ದಾರಿಯಲ್ಲಿ ಮೈಲಿಗಟ್ಟಲೆ ಬರಬೇಕಾದ ಮನೆಗಳಿವೆ. ಆ ಕಂಪನಿಯ ವರ್ಕ್‌ಶಾಪ್ ಇರುವುದು ಬೆಂಗಳೂರಲ್ಲೋ ಮಂಗಳೂರಲ್ಲೋ ಅಂತಾದರೆ ಗಾಡಿಯನ್ನು ಲಾರಿ ಮೇಲೆ ಹಾಕಿ ಕಳಿಸಬೇಕು. ಶಿವಮೊಗ್ಗದಿಂದ ಬೆಂಗಳೂರು 300 ಕಿಲೋಮೀಟರ್ ಆಯಿತು. ಮಂಗಳೂರಿಗೆ ಅಂದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಸುತ್ತು ಹಾಕಬೇಕು. ಚೀನಾದ್ದೇ ಇರಲಿ, ಕೊರಿಯಾದ್ದೇ ಇರಲಿ, ವರ್ಕ್‌ಶಾಪ್ ಜಿಲ್ಲೆಯಲ್ಲಿ ಇಲ್ಲದ ಕಾರನ್ನು ಊರಿನ ಮನೆಗೆ ತಗೊಳ್ಳಬೇಡಿ ಅಂತಲೇ ನಾನು ಹೇಳುವುದು.

ಕಾರು ಬರುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಅದು ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ, ಕಾರು ಚಾರ್ಜೇ ಆಗುವುದಿಲ್ಲ. ಜನ ಇದನ್ನೂ ಚೀನಾ ಕಾರಿನ ದೋಷ ಅಂದುಕೊಳ್ಳುತ್ತಾರೆ. ಆಷಾಢದಲ್ಲಿ ಮರ ಬಿದ್ದು ಲೈನು ಹೋದರೆ ನಮ್ಮ ಲೈನ್‌ಮನ್‌ಗಳು ಮಳೆಯಲ್ಲಿ ನೆನೆಯುತ್ತಲೇ ಕಂಬ ಹತ್ತುತ್ತಾರೆ, ಆದರೂ ಎರಡು ದಿನ ಕರೆಂಟಿಲ್ಲದ ಹೊತ್ತು ಬಂದೇ ಬರುತ್ತದೆ. ಆಗ ಯಾವ ದೇಶದ ಎಲೆಕ್ಟ್ರಿಕ್ ಕಾರಾದರೂ ಒಂದೇ.

ನಮ್ಮವರೇ ಎಲ್ಲವನ್ನೂ ಇಲ್ಲೇ ಮಾಡಿದರೆ ನನಗಿಂತ ಖುಷಿಪಡುವವರಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಬರೆದು ಓಡಾಡಿದ್ದರು. ಆಗಿನ ಬ್ರಿಟಿಷ್ ಸರ್ಕಾರ ಕೈಹಿಡಿಯಲಿಲ್ಲ. ಈಗ ತಡೆಯುವವರು ಯಾರೂ ಇಲ್ಲ. ಅಡಿಕೆಗೆ 2023ರಲ್ಲಿ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಸಿಕ್ಕಾಗ ನಾವು ಸಂತೋಷಪಟ್ಟೆವು. ಹಾಗೇ ದೇಶಿ ಕಾರಿನವರಿಗೂ ಆಮದು ಸುಂಕದ ರಕ್ಷಣೆ ಇರಲಿ, ನನ್ನ ತಕರಾರಿಲ್ಲ. ಆದರೆ ಆ ರಕ್ಷಣೆಯಲ್ಲಿ ಅವರು ಸೆಲ್ ಮಾಡುವುದನ್ನು ಕಲಿಯಬೇಕು. ಹೊರಗಿನ ಸೆಲ್ ತಂದು ಮೇಲೆ ತ್ರಿವರ್ಣ ಅಂಟಿಸಿದರೆ ಸಾಲದು.

ಭಾವನಿಗೆ ನಾನು ಹೇಳಿದ್ದು ಇಷ್ಟು. ಪೂರ್ತಿ ಹೊರಗಿನಿಂದ ತಂದು ಮಾರುವ ಕಾರು ಈಗ ಬೇಡ, ಸುಂಕವೂ ಜಾಸ್ತಿ, ಪಾರ್ಟ್ಸ್‌ಗೆ ಕಾಯುವುದೂ ಜಾಸ್ತಿ. ಇಲ್ಲೇ ತಯಾರಾಗಿ, ಶಿವಮೊಗ್ಗದಲ್ಲೇ ವರ್ಕ್‌ಶಾಪ್ ಇದ್ದರೆ, ಮೂಲ ಚೀನಾದ್ದಾದರೂ ನೋಡಬಹುದು. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಎರಡನೇ ಮಾಲೀಕರಿಗೂ ಸಿಗುತ್ತದಾ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ದೊಡ್ಡಪ್ಪನ ಮನಸ್ಸಿಗೆ ನೋವಾಗುವುದಾದರೆ ಬೇರೆ ಕಾರು ತಗೊಳ್ಳಿ, ಅದರಲ್ಲಿ ಸೋತ ಹಾಗೇನೂ ಇಲ್ಲ. ಆದರೆ ಅದರ ಸೆಲ್ ಎಲ್ಲಿಯದು ಅಂತ ಅಲ್ಲೂ ಕೇಳಿ.

ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಇಂಥ ಕಾರು ಇಟ್ಟುಕೊಂಡು ಮಳೆಗಾಲ ಕಳೆದವರು ಇದ್ದರೆ ದಯವಿಟ್ಟು ಬರೆಯಿರಿ. ಎಷ್ಟು ಮೈಲೇಜ್ ಬಂತು ಅನ್ನುವುದು ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಬಾಗಿಲು ಜಜ್ಜಿದಾಗ, ಗಾಜು ಒಡೆದಾಗ, ಚಾರ್ಜಿಂಗ್ ಪೋರ್ಟ್ ಕೆಟ್ಟಾಗ ಆ ಪಾರ್ಟ್ ಬರೋಕೆ ಎಷ್ಟು ದಿನ ಹಿಡಿಯಿತು, ಎಲ್ಲಿಂದ ಬಂತು, ಬಿಲ್ ಎಷ್ಟಾಯಿತು. ಅದನ್ನು ಹೇಳಿ.