ಬೇಡದ ಮಸೂದೆಗೆ ಮಾತ್ರ ಅಧ್ಯಯನ ಬೇಕಾ?

ತೆರಿಗೆ ಏರಿಸುವ ಮಸೂದೆ ಬಂತು ಅಂದರೆ ಸದನದಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ಇದರ ಪರಿಣಾಮ ಏನು ಅಂತ ಮೊದಲು ಅಧ್ಯಯನ ಆಗಲಿ. ಒಳ್ಳೆಯ ಮಾತೇ. ಆದರೆ ತೆರಿಗೆ ಇಳಿಸುವಾಗ, ಜೂಜಿಗೆ ಬಾಗಿಲು ತೆರೆಯುವಾಗ ಅದೇ ಬಾಯಿಗಳು ಸುಮ್ಮನಿರುತ್ತವೆ. ನನಗೆ ಕೋಪ ಬರುವುದು ಇಲ್ಲಿ.

ಅಮೆರಿಕವನ್ನೇ ನೋಡಿ. 2017ರ ಡಿಸೆಂಬರ್ 2ರ ನಸುಕಿನಲ್ಲಿ ಅಲ್ಲಿನ ಸೆನೆಟ್ ಭಾರೀ ತೆರಿಗೆ ಕಡಿತದ ಮಸೂದೆಯನ್ನು 51–49 ಮತಗಳಲ್ಲಿ ಪಾಸು ಮಾಡಿತು. ಸುಮಾರು 500 ಪುಟಗಳು. ಕೆಲವು ತಿದ್ದುಪಡಿಗಳನ್ನು ಅಂಚಿನಲ್ಲಿ ಕೈಯಿಂದ ಬರೆದಿದ್ದರು. ಓದಲು ಸಮಯ ಎಲ್ಲಿತ್ತು? ಸಂಸತ್ತಿನದೇ ತೆರಿಗೆ ಸಮಿತಿ ಅದಕ್ಕೆ ಮೊದಲೇ ಲೆಕ್ಕ ಕೊಟ್ಟಿತ್ತು. ಆರ್ಥಿಕತೆ ಬೆಳೆದು ಬರುವ ಆದಾಯ ಸೇರಿಸಿದರೂ ಹತ್ತು ವರ್ಷದಲ್ಲಿ ಸುಮಾರು 1 ಲಕ್ಷ ಕೋಟಿ ಡಾಲರ್ ಕೊರತೆ ಬೀಳುತ್ತದೆ ಅಂತ. ಅಂದರೆ ಅಧ್ಯಯನ ಕೈಯಲ್ಲೇ ಇತ್ತು. ಬೇಕಾಗಿರಲಿಲ್ಲ, ಅಷ್ಟೇ.

ಜೂಜಿನ ವಿಷಯದಲ್ಲೂ ಅಲ್ಲಿ ಹೀಗೇ ಆಯಿತು. ಜೂಜಿನ ಪರಿಣಾಮ ತಿಳಿಯಲೆಂದೇ 1996ರಲ್ಲಿ ಸಂಸತ್ತು ಒಂದು ರಾಷ್ಟ್ರೀಯ ಆಯೋಗ ಮಾಡಿತು. 1999ರ ಜೂನ್‌ನಲ್ಲಿ ವರದಿ ಬಂತು. ಹೊಸ ಜೂಜಿಗೆ ಅನುಮತಿ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಆಗಿರುವುದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಳ್ಳಿ ಅಂತ ಅದು ಹೇಳಿತು. ಯಾರೂ ನಿಲ್ಲಿಸಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರದ ತಡೆ ತೆಗೆದುಹಾಕಿತು. ಆಮೇಲೆ 30ಕ್ಕೂ ಹೆಚ್ಚು ರಾಜ್ಯಗಳು ಸಾಲುಗಟ್ಟಿ ಅದಕ್ಕೆ ಒಪ್ಪಿಗೆ ಕೊಟ್ಟವು.

ಯಾಕೆ ಹೀಗೆ? ನನಗೆ ಅನಿಸುವುದು ಇಷ್ಟು. ಜೂಜಿನಿಂದ ಬರುವ ಹಣಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಇರುತ್ತದೆ. ಅದು ಎಷ್ಟು ಅಂತ ಮಸೂದೆ ಬರುವ ಮೊದಲೇ ಎಣಿಸಿಟ್ಟಿರುತ್ತಾರೆ. ನಷ್ಟಕ್ಕೆ ಅಂಥ ಸಾಲು ಇಲ್ಲ. ಅದು ಮನೆ ಮನೆಗೆ ಹಂಚಿ ಹೋಗಿರುತ್ತದೆ. ಒಂದು ಮನೆಯಲ್ಲಿ ಸಾಲ, ಇನ್ನೊಂದರಲ್ಲಿ ಜಗಳ, ಮತ್ತೊಂದರಲ್ಲಿ ಹೆಂಡತಿಗೆ ಗೊತ್ತಿಲ್ಲದ ಹಾಗೆ ಅಡವಿಟ್ಟ ಒಡವೆ. ಜೂಜಿನ ಆದಾಯದಲ್ಲಿ ದೊಡ್ಡ ಪಾಲು ಬರುವುದು ಚಟಕ್ಕೆ ಬಿದ್ದ ಕೆಲವೇ ಜನರಿಂದ. ಹಾಗಾದರೆ ಆದಾಯ ಎಷ್ಟು ಅನ್ನುವುದರ ಜೊತೆಗೇ ಅದು ಯಾರ ಜೇಬಿನಿಂದ ಅಂತಲೂ ಕೇಳಬೇಕು, ಅಲ್ವಾ? ಆ ಪ್ರಶ್ನೆ ಕೇಳಿದವರಿಗೆ ಮಾತ್ರ 'ಅಡ್ಡಗಾಲು ಹಾಕ್ತಿದ್ದೀರಿ' ಅನ್ನುವ ಉತ್ತರ.

ಈಗ ನನಗೆ ಇಷ್ಟವಾದ ಕಾನೂನಿಗೂ ಇದೇ ಅಳತೆ ಇಡಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರಲ್ಲಿ ನಿಷೇಧಿಸಿತು. ನನಗೆ ಸಮಾಧಾನವಾಯಿತು. ಆದರೆ ಮಸೂದೆ ಲೋಕಸಭೆಗೆ ಬಂದು ಪಾಸಾಗಿದ್ದು ಆಗಸ್ಟ್ 20ರಂದು, ಒಂದೇ ದಿನ. ಮರುದಿನ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಸಂಸದೀಯ ಸಮಿತಿಯ ಮುಂದೆ ಹೋಗಲೇ ಇಲ್ಲ. ಅದಕ್ಕೆ ಸುಮಾರು ಎರಡು ವರ್ಷ ಮೊದಲು, 2023ರ ಅಕ್ಟೋಬರ್ 1ರಿಂದ, ಇದೇ ಆಟಗಳಿಗೆ ಕಟ್ಟುವ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ ಹಾಕಿದ್ದರು. ಆಗ ಆದಾಯದ ಮೂಲ, ಈಗ ಅಪರಾಧ. ನಡುವೆ ಏನು ಗೊತ್ತಾಯಿತು ಅನ್ನುವುದನ್ನು ಸಮಿತಿಯಲ್ಲಿ ಕೂತು ಚರ್ಚಿಸಿದ್ದರೆ ಕಾನೂನಿನ ಬುಡ ಇನ್ನೂ ಗಟ್ಟಿಯಾಗುತ್ತಿತ್ತು. ನಾನು ಅದರ ಪರ ಇರುವುದರಿಂದಲೇ ಇದನ್ನು ಹೇಳುತ್ತಿದ್ದೇನೆ.

ಹಾಗಂತ ಅಧ್ಯಯನಕ್ಕೆ ಅಂತ ವರ್ಷಗಟ್ಟಲೆ ಕಾಯಿಸುವುದೂ ಮೋಸವೇ. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳಲ್ಲಿ ಒಂದು ಥರದ ಜೂಜಿನ ಯಂತ್ರಗಳಿದ್ದವು. 20 ಸೆಕೆಂಡಿಗೊಮ್ಮೆ 100 ಪೌಂಡ್ ತನಕ ಪಣ ಕಟ್ಟಬಹುದಿತ್ತು. 2016ರಲ್ಲಿ ಪರಿಶೀಲನೆ ಶುರುವಾಯಿತು. ಮಿತಿಯನ್ನು 2 ಪೌಂಡ್‌ಗೆ ಇಳಿಸುತ್ತೇವೆ ಅಂತ ಹೇಳಿದ್ದು 2018ರ ಮೇನಲ್ಲಿ. ಆಮೇಲೆ ಅದನ್ನು 2019ರ ಅಕ್ಟೋಬರ್‌ಗೆ ತಳ್ಳಿದರು. ಈ ತಡವನ್ನು ಒಪ್ಪದೆ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ 2018ರ ನವೆಂಬರ್ 1ರಂದು ರಾಜೀನಾಮೆ ಕೊಟ್ಟರು. ಎರಡು ವಾರದಲ್ಲಿ ಸರ್ಕಾರ ಮಣಿಯಿತು. ಹೊಸ ಮಿತಿ ಏಪ್ರಿಲ್‌ನಲ್ಲೇ ಜಾರಿಗೆ ಬಂತು.