ಪಾದಯಾತ್ರೆಗೆ ಡೀಸೆಲ್ ಎಷ್ಟು ಬೇಕು?

ತಲಕಾವೇರಿಯಲ್ಲಿ ಕಾವೇರಿ ತೀರ್ಥ ಉಕ್ಕುವ ತುಲಾ ಸಂಕ್ರಮಣ ಹತ್ತಿರ ಬಂತು ಅಂದರೆ ಕೊಡಗಿನ ಮನೆಗಳಲ್ಲಿ ದೋಸೆ, ಕುಂಬಳಕಾಯಿ ಪಲ್ಯದ ಮಾತು ಶುರುವಾಗುತ್ತದೆ. ಗದ್ದೆಗೆ ಬೊತ್ತ್, ಅಂದರೆ ಹಬ್ಬದ ಕೋಲು, ಚುಚ್ಚಲು ಕಡ್ಡಿ ಕಡಿದು ತರುತ್ತಾರೆ. ಅದೇ ಹೊತ್ತಿಗೆ ಪೇಟೆಯ ಮುಖಂಡರು ಫ್ಲೆಕ್ಸ್ ಅಂಗಡಿಗೆ ಫೋಟೋ ಕಳಿಸುತ್ತಾರೆ. ಪಾದಯಾತ್ರೆಯ ಫ್ಲೆಕ್ಸ್ ಒಮ್ಮೆ ಸರಿಯಾಗಿ ನೋಡಿ. ಮೂವತ್ತು ತಲೆ ಇರುತ್ತದೆ, ಒಂದೇ ಒಂದು ಪಾದ ಇರುವುದಿಲ್ಲ. ಎಲ್ಲರದ್ದೂ ಎದೆಯಿಂದ ಮೇಲಿನ ಫೋಟೋ. ಮುಂದೆ ನಡೆಯುವುದಕ್ಕೆಲ್ಲ ಇದೇ ಸೂಚನೆ ಅನ್ನಬಹುದು.

ಮಡಿಕೇರಿಯಿಂದ ತಲಕಾವೇರಿಗೆ 40 ಕಿಲೋಮೀಟರಿಗಿಂತ ಜಾಸ್ತಿ. ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲ. ಅಲ್ಲಿಂದ ಮತ್ತೆ 8 ಕಿಲೋಮೀಟರ್, ಅದೂ ಏರು. ಒಂದೇ ದಿನದಲ್ಲಿ ಮುಗಿಸಬೇಕು ಅಂದರೆ ಮಂಡಿ ಗಟ್ಟಿ ಇರಬೇಕು. ಇಲ್ಲವೇ ಸಮಿತಿ ಗಟ್ಟಿ ಇರಬೇಕು. ನಾನು ಹೇಳುತ್ತಿರುವ ಯಾತ್ರೆಯ ಸಮಿತಿ ಬಹಳ ಗಟ್ಟಿ.

ಬೆಳಗ್ಗೆ ಆರಕ್ಕೆ ಹೊರಟ ಸಾಲು ಹೀಗಿತ್ತು. ಮುಂದೆ ಮೈಕಿನ ಜೀಪು. ಮೈಕಿಗೆ ಕರೆಂಟು ಬೇಕಲ್ಲ, ಅದಕ್ಕೆ ಜನರೇಟರ್ ಹೊತ್ತ ಪಿಕಪ್. ಡ್ರೋನ್ ಹುಡುಗರ ಓಮ್ನಿ. ನೀರಿನ ಬಾಟಲಿಗಳ ಟೆಂಪೋ, ಉಪ್ಪಿಟ್ಟಿನ ಟೆಂಪೋ, ಒಂದು ಆಂಬುಲೆನ್ಸ್. ಆಮೇಲೆ ಪಾದಯಾತ್ರಿಗಳು. ಅವರ ಹಿಂದೆ ಅವರವರ ಕಾರುಗಳು, ಎಸಿ ಹಾಕಿಕೊಂಡು, ಮೊದಲ ಗೇರಿನಲ್ಲಿ. ಸುಸ್ತಾದರೆ ಅಂತ. ಸುಸ್ತು ಎರಡನೇ ತಿರುವಿನಲ್ಲೇ ಆಯಿತು. ಡ್ರೋನ್ ಶಾಟ್ ಅಲ್ಲಿಗೆ ಮುಗಿದಿತ್ತು.

ಅಧ್ಯಕ್ಷರು ಚೇರಂಬಾಣೆಗೆ ಇನ್ನೂರು ಮೀಟರ್ ಇರುವಾಗ ಕಾರಿನಿಂದ ಇಳಿದರು. ಬಾಟಲಿ ನೀರಿನಿಂದ ಹಣೆ, ಕುತ್ತಿಗೆ ಒದ್ದೆ ಮಾಡಿಕೊಂಡರು. ಅಂಗಿಯ ಬೆನ್ನಿಗೂ ಒಂದಿಷ್ಟು ಹಾಕಿಸಿಕೊಂಡರು. ಪೇಟೆಯಲ್ಲಿ ಹಾರ ಹಿಡಿದು ನಿಂತವರು ಆ ಬೆವರು ನೋಡಿ ಮರುಗಿಬಿಟ್ಟರು ಪಾಪ. ಬೆವರೂ ಮಿನರಲ್ ವಾಟರಿನದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಸ್ವಾಗತ ಮುಗಿದ ಮೇಲೆ ಕಾಫಿ ತೋಟದ ಅಂಚಿನಲ್ಲಿ ಒಂದು ಫೋಟೋ ಅಂತಾಯಿತು. ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆಯೂ ಪೂರ್ತಿ ಬಿಟ್ಟಿರುವುದಿಲ್ಲ, ಜಿಗಣೆಯೂ ಬಿಟ್ಟಿರುವುದಿಲ್ಲ. ಅಧ್ಯಕ್ಷರ ಬಿಳಿ ಸಾಕ್ಸಿನ ಮೇಲೆ ಒಂದು ಸಣ್ಣ ಜಿಗಣೆ ಗೇಣು ಹಾಕುತ್ತಾ ಹತ್ತಿತು. ಒಬ್ಬ ಹುಡುಗನನ್ನು ಬಿಟ್ಟರೆ (ಅವನ ಕಥೆ ಮುಂದಿದೆ), ಇಡೀ ಯಾತ್ರೆಯಲ್ಲಿ ಅಲ್ಲಿಯವರೆಗೆ ಸ್ವಂತ ಮೈಯ ಬಲದಿಂದ ಮುಂದೆ ಸಾಗಿದ ಜೀವ ಅದೊಂದೇ. ಒಬ್ಬರು ಉಪ್ಪು ಅಂದರು, ಇನ್ನೊಬ್ಬರು ಸುಣ್ಣ ಅಂದರು, ಮತ್ತೊಬ್ಬರು ಲೈಟರ್ ತೆಗೆದರು. ಕೊನೆಗೆ ಸ್ಯಾನಿಟೈಸರ್ ಸುರಿದರು. ಜಿಗಣೆ ಬಿತ್ತು. ಆಂಬುಲೆನ್ಸಿನವನು ಸುಮ್ನೆ ಬಂದಿದ್ದೇನಲ್ಲ ಅಂತ ಒಂದು ಸಲ ಸೈರನ್ ಹಾಕಿದ.

ಇನ್ನು ಹೆಜ್ಜೆಯ ಲೆಕ್ಕ. ಫೋನಿನಲ್ಲಿ ಐವತ್ತು ಸಾವಿರ ಹೆಜ್ಜೆ ತೋರಿಸಿದವರಿಗೆ ಸಮಿತಿಯಿಂದ ಪ್ರಮಾಣಪತ್ರ, ಶಾಲು. ಅದಕ್ಕೊಂದು ಒಳ್ಳೆ ವ್ಯವಸ್ಥೆ ಆಗಿತ್ತು. ಉಪ್ಪಿಟ್ಟಿನ ಟೆಂಪೋದ ಹುಡುಗನ ಹೆಗಲಿಗೆ ಒಂದು ಚೀಲ. ಚೀಲದೊಳಗೆ ಪದಾಧಿಕಾರಿಗಳ ಫೋನುಗಳು. ಅವನು ಮಡಿಕೇರಿಯಿಂದ ಬೆಟ್ಟದ ಮೇಲಿನವರೆಗೂ ನಿಜವಾಗಿ ನಡೆದ. ಸಂಜೆ ಎಲ್ಲರ ಫೋನಿನಲ್ಲೂ ಒಂದೇ ಲೆಕ್ಕ ಬಂದಾಗ, ಎಂಥಾ ಶಿಸ್ತು ಅಂತ ಅತಿಥಿಗಳು ಹೊಗಳಿದರು. ಹುಡುಗನಿಗೆ ಪ್ರಮಾಣಪತ್ರ ಸಿಗಲಿಲ್ಲ. ಅವನದ್ದು ಕೀಪ್ಯಾಡ್ ಫೋನು.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕೂಡುತ್ತಾರೆ. ಮೂರನೆಯವಳು ಸುಜ್ಯೋತಿ ಕಣ್ಣಿಗೆ ಕಾಣದೆ ಹರಿಯುತ್ತಾಳೆ ಅಂತ ನಂಬಿಕೆ. ನಮ್ಮ ಪಾದಯಾತ್ರಿಗಳೂ ಬೆಟ್ಟಗೇರಿಯಿಂದ ಇಲ್ಲಿವರೆಗೆ ಹೆಚ್ಚುಕಡಿಮೆ ಹಾಗೆಯೇ ಬಂದಿದ್ದರು. ಸಂಗಮದ ಮೆಟ್ಟಿಲ ಹತ್ತಿರ ಸಮಿತಿಯ ದೊಡ್ಡ ಫ್ಲೆಕ್ಸ್: ‘ಪ್ಲಾಸ್ಟಿಕ್ ಮುಕ್ತ ಕಾವೇರಿ.’ ಆ ಫ್ಲೆಕ್ಸೂ ಪ್ಲಾಸ್ಟಿಕ್, ಕಟ್ಟಿದ ಹಗ್ಗವೂ ಪ್ಲಾಸ್ಟಿಕ್. ಅದರ ಕೆಳಗೆ ತೀರ್ಥ ಒಯ್ಯಲು ಐದು ಲೀಟರಿನ ಕ್ಯಾನುಗಳ ಮಾರಾಟ. ಖಾಲಿ ನೀರಿನ ಬಾಟಲಿ ಮಾತ್ರ ಯಾರೂ ವಾಪಸ್ ಒಯ್ಯುವುದಿಲ್ಲ. ಕಾವೇರಿ ಇಲ್ಲಿಂದ ಪೂಂಪುಹಾರಿನ ಸಮುದ್ರದವರೆಗೆ ಸುಮಾರು 800 ಕಿಲೋಮೀಟರ್ ಒಬ್ಬಳೇ ಹೋಗಬೇಕಲ್ಲ. ಜೊತೆಗಿರಲಿ ಅಂತ ಬಿಟ್ಟಿರಬೇಕು.

ಇಲ್ಲಿಂದ ಮೇಲಿನ ಎಂಟು ಕಿಲೋಮೀಟರ್ ಕಥೆಯೇ ಬೇರೆ. ಈ ದಾರಿಯಲ್ಲಿ ಸಂಕ್ರಮಣಕ್ಕೆ ನಿಜವಾಗಿ ನಡೆಯುವವರು ಇರುತ್ತಾರೆ. ಕುಪ್ಯ ತೊಟ್ಟು ದುಡಿ ಬಡಿಯುತ್ತಾ ಹಾಡುವವರು, ಅರೆಭಾಷೆಯಲ್ಲಿ ಹರಟುತ್ತಾ ಮಕ್ಕಳ ಕೈಹಿಡಿದು ಹತ್ತುವವರು, ಬರಿಗಾಲಿನ ಮುದುಕಿಯರು. ಇವರಿಗೆ ಫ್ಲೆಕ್ಸ್ ಇಲ್ಲ, ಟೀಶರ್ಟ್ ಇಲ್ಲ. ಇವರ ಬೆನ್ನಿಗೆ ನಮ್ಮ ಮೈಕಿನ ಜೀಪು ಬಂತು. ‘ಸೈಡ್ ಬಿಡಿ, ಸೈಡ್ ಬಿಡಿ! ಪಾದಯಾತ್ರೆ ಬರ್ತಾ ಇದೆ!’ ನಡೆಯುತ್ತಿದ್ದವರೆಲ್ಲ ಚರಂಡಿಗೆ ಇಳಿದು ನಿಂತರು. ಜೀಪು, ಜನರೇಟರ್, ಟೆಂಪೋ, ಕಾರು, ಕಾರು, ಕಾರು. ಒಬ್ಬ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೊಮ್ಮಗನಿಗೆ ಹೇಳಿದರು: ‘ಹೋಗ್ಲಿ ಬಿಡು. ನಡೆಯುವವರು ಮೊದಲು ಹೋಗ್ಲಿ.’

ಇದೇ ಬೆಟ್ಟಸಾಲು 2020ರ ಆಗಸ್ಟ್ ಮಳೆಯಲ್ಲಿ ಕುಸಿದು ಅರ್ಚಕರ ಮನೆ ಮಣ್ಣಿನಡಿ ಹೋಗಿತ್ತು. ಅಂಥ ಜಾಗದಲ್ಲಿ ಕಾರು ನಿಲ್ಲಿಸಲು ಇನ್ನೊಂದಿಷ್ಟು ಗುಡ್ಡ ಅಗೆದರೆ ಚೆನ್ನಾಗಿತ್ತು ಅಂತ ಪದಾಧಿಕಾರಿಯೊಬ್ಬರು ಸಲಹೆ ಕೊಟ್ಟರು. ತಮಾಷೆಗಲ್ಲ. ಮನವಿ ಪತ್ರವೂ ತಯಾರಾಗಿದೆಯಂತೆ.

ತೀರ್ಥೋದ್ಭವಕ್ಕೆ ನಿಮಿಷದ ಲೆಕ್ಕ ಇರುತ್ತದೆ. 2024ರಲ್ಲಿ ಬೆಳಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ಕಾವೇರಮ್ಮ ಯಾರ ಪೈಲಟ್ ಜೀಪಿಗೂ ಕಾಯುವುದಿಲ್ಲ. ಅಧ್ಯಕ್ಷರ ಕಾರು ಕೊನೆಯ ತಿರುವಿನಲ್ಲಿ ಅವರದ್ದೇ ಟೆಂಪೋಗಳ ಹಿಂದೆ ಸಿಕ್ಕಿಬಿದ್ದಿತ್ತು. ಇಳಿದು ನಡೆದಿದ್ದರೆ ಹತ್ತು ನಿಮಿಷ. ಆದರೆ ಹೊರಗೆ ತುಂತುರು ಮಳೆ. ಕ್ಯಾಮೆರಾ ಬೇರೆ ಆಗಲೇ ಮೇಲೆ ಹೋಗಿತ್ತು. ತೀರ್ಥ ಬಂದದ್ದನ್ನು ಅವರು ಕಾರಿನಲ್ಲೇ, ಯಾರದ್ದೋ ಫೋನಿನ ಲೈವ್‌ನಲ್ಲಿ ನೋಡಿ ಕೈಮುಗಿದರು. ತಮ್ಮ ಫೋನು ಚೀಲದಲ್ಲಿತ್ತಲ್ಲ.

ಕಳೆದ ವಾರ ಲೆಕ್ಕಪತ್ರದ ಸಭೆ ನಡೆಯಿತು. ಪಾದಯಾತ್ರೆಯ ಖರ್ಚಿನಲ್ಲಿ ದೊಡ್ಡ ಬಾಬ್ತು ಡೀಸೆಲ್. ಆಮೇಲೆ ಫ್ಲೆಕ್ಸ್, ಡ್ರೋನ್. ಸ್ಯಾನಿಟೈಸರನ್ನು ವೈದ್ಯಕೀಯ ವೆಚ್ಚ ಅಂತ ಬರೆದಿದ್ದರು. ಯಾರೂ ಪ್ರಶ್ನೆ ಕೇಳಲಿಲ್ಲ. ಯಾತ್ರೆ ಇಷ್ಟು ಚೆನ್ನಾಗಿ ಆದದ್ದರಿಂದ ಮುಂದಿನ ವರ್ಷ ತಲಕಾವೇರಿಯಿಂದ ಪೂಂಪುಹಾರಿನವರೆಗೆ ನಡೆಯುವುದು ಅಂತ ಚಪ್ಪಾಳೆ ನಡುವೆ ತೀರ್ಮಾನವಾಯಿತು. ಬಸ್ಸು ಸ್ಲೀಪರ್ ಇರಬೇಕೋ ಸೀಟರ್ ಸಾಕೋ ಅನ್ನುವುದು ಮಾತ್ರ ಇತ್ಯರ್ಥ ಆಗಲಿಲ್ಲ. ಅದಕ್ಕೊಂದು ಉಪಸಮಿತಿ ಮಾಡಿದ್ದಾರೆ. ಫೋನ್ ಚೀಲದ ಹುಡುಗನಿಗೆ ಈಗಲೇ ಅಡ್ವಾನ್ಸ್ ಕೊಟ್ಟು, ಹೊಸ ಚಪ್ಪಲಿ ಅವನೇ ತಗೊಳ್ಳಬೇಕು ಅಂತ ಹೇಳಿಯಾಗಿದೆ.