ಕಿವಿಯ ಹಿಂದಿನ ಮಚ್ಚೆ

ಹಾಸನದ ನಮ್ಮ ಮನೆಗೆ ಪತ್ರಿಕೆ ಬಂದೊಡನೆ ದೊಡ್ಡಮ್ಮನಿಗೆ ಮೊದಲು ಓದಿ ಹೇಳಬೇಕಾಗಿದ್ದುದು ‘ಅಪರಿಚಿತ ಶವ ಪತ್ತೆ’ ಎಂಬ ಪುಟ್ಟ ಸುದ್ದಿಯನ್ನು. ಅವರ ಮಗ ಮನೆ ಬಿಟ್ಟು ಹೋಗಿದ್ದ. ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದು ನಾನು ಓದುತ್ತಿದ್ದರೆ, ‘ಕಿವಿಯ ಹಿಂದೆ ಮಚ್ಚೆ ಇತ್ತೆಂದು ಬರೆದಿದ್ದಾರೆಯೇ, ನೋಡು ಮಗು’ ಎನ್ನುತ್ತಿದ್ದರು.

ಈಗ ನಾನಿರುವ ದೆಹಲಿಯಲ್ಲಿ ಬೇರೆಯ ದಾರಿ ಕಂಡಿದ್ದೇನೆ. 2024ರ ಜನವರಿಯಲ್ಲಿ ಗೀತಾ ಕಾಲೊನಿ ಮೇಲ್ಸೇತುವೆಯ ಕೆಳಗೆ ಯುವಕನೊಬ್ಬನ ಶವ ಸಿಕ್ಕಿತು. ಪೊಲೀಸರು ಕೃತಕ ಬುದ್ಧಿಮತ್ತೆಯಿಂದ ಆ ಮುಖಕ್ಕೆ ಬದುಕಿದ್ದಾಗಿನ ಕಳೆ ತಂದು, ಕಣ್ಣು ತೆರೆಸಿ, ಊರೆಲ್ಲ ಪೋಸ್ಟರ್ ಅಂಟಿಸಿದರು. ಮನೆಯವರು ಗುರುತಿಸಿದರು, ಕೊಲೆಯ ಆರೋಪಿಗಳೂ ಸಿಕ್ಕಿದರು. ಶವದ ಫೋಟೊ ಕಂಡರೆ ಜನ ಮುಖ ತಿರುಗಿಸುತ್ತಾರೆ. ತೆರೆದ ಕಣ್ಣುಗಳೆದುರು ಒಂದು ಗಳಿಗೆ ನಿಲ್ಲುತ್ತಾರೆ. ಆ ಒಂದು ಗಳಿಗೆ ಹಾಸನದ ಬಸ್ ನಿಲ್ದಾಣದಲ್ಲೂ ಸಿಗಬೇಕೆಂಬುದು ನನ್ನ ಆಸೆ.

ಆದರೆ ಮಳೆಗಾಲ ಕಳೆದ ಮೇಲೆ ಶಿರಾಡಿ ಘಾಟಿಯ ಕಾಡಿನಲ್ಲಿ ಬರಿಯ ಎಲುಬು ಸಿಕ್ಕರೆ? ಸೊಂಟದ ಮೂಳೆಯಿಂದ ಗಂಡೋ ಹೆಣ್ಣೋ ಎಂದು, ಹಲ್ಲು ಮತ್ತು ಮೂಳೆಗಳ ಬೆಳವಣಿಗೆಯಿಂದ ಸುಮಾರು ವಯಸ್ಸನ್ನು ಹೇಳಬಹುದು. ತಲೆಬುರುಡೆಯ ಮೇಲೆ ಯಂತ್ರ ಮುಖವನ್ನೂ ಕಟ್ಟಿಕೊಡುತ್ತದೆ. ಆದರೆ ತುಟಿ, ಕಿವಿ, ಕೂದಲು, ಮೈಬಣ್ಣ ಹೇಗಿದ್ದವೆಂದು ಬುರುಡೆ ಪೂರ್ತಿ ಹೇಳುವುದಿಲ್ಲ. ಅವನ್ನು ಯಂತ್ರ ತಾನು ಕಲಿತ ಮುಖಗಳಿಂದ ಊಹಿಸಿ ತುಂಬುತ್ತದೆ. ಯಾವ ಸೀಮೆಯ ಮುಖಗಳಿಂದ ಕಲಿತಿದೆಯೋ ಆ ಕಡೆಗೇ ವಾಲುತ್ತದೆ. ನನಗೆ ಭಯ ಇರುವುದು ಇಲ್ಲಿಯೇ. ಚಿತ್ರ ಫೋಟೊದಷ್ಟು ನುಣುಪಾಗಿದ್ದರೆ ಹೆತ್ತವರು ಅದನ್ನು ನಿಜವೆಂದೇ ನಂಬುತ್ತಾರೆ, ‘ಇವನು ನಮ್ಮವನಲ್ಲ’ ಎಂದು ಹೊರಟುಹೋಗುತ್ತಾರೆ. ಇದು ಊಹೆಯ ಚಿತ್ರವೆಂದು ದಪ್ಪ ಅಕ್ಷರದಲ್ಲಿ ಬರೆಯಲೇಬೇಕು. ಕೊನೆಯ ಮಾತು ಡಿಎನ್‌ಎ, ಹಲ್ಲಿನ ದಾಖಲೆಗಳದ್ದು.

ಚಿತ್ರ ಬಂತೆಂದು ನಮ್ಮ ಠಾಣೆಗಳ ಹಳೆಯ ಚಹರೆ ವಿವರವನ್ನು ಕೈಬಿಡಬಾರದು. ಹಚ್ಚೆ, ಉಡಿದಾರ, ಅಂಗಿಯ ಮೇಲಿನ ದರ್ಜಿಯ ಪಟ್ಟಿ, ಇವು ಬುರುಡೆಯೊಳಗಿಲ್ಲ; ಪಂಚನಾಮೆ ಬರೆಯುವವರ ಕಣ್ಣಿನಲ್ಲಿವೆ. ಇನ್ನೊಂದು ಮಾತು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಿಗೆ ಈಗ ಅಸ್ಸಾಮಿನಿಂದಲೂ ಕೆಲಸಕ್ಕೆ ಬರುತ್ತಾರೆ. ಅವರಲ್ಲೊಬ್ಬರು ಇಲ್ಲಿ ಅನಾಮಿಕರಾಗಿ ಸತ್ತರೆ, ಕನ್ನಡದ ಪ್ರಕಟಣೆಯನ್ನು ಅವರ ತಾಯಿಗೆ ಓದಿ ಹೇಳುವವರು ಯಾರು? ಆ ಚಿತ್ರ, ಆ ವಿವರ ಅಸ್ಸಾಮಿಯಲ್ಲೂ ಹಿಂದಿಯಲ್ಲೂ ಅವರ ಊರಿನ ಠಾಣೆಯ ಗೋಡೆಯನ್ನು ಮುಟ್ಟಬೇಕು.